ಊರಿಗೆ ಬಂದ ಹಣದ ವಿಭಾಗ

ಗೃಹಕೃತ್ಯಗಳಿಗೆ ಮೀಸಲಾದ ಈ ಪುಟಗಳಲ್ಲಿ ಪೌರಸಭೆಯ ಲೆಕ್ಕಪತ್ರಗಳಿಗೆ ಏನು ಪ್ರಸಕ್ತಿಯೆಂದು ಕೆಲವು ವಾಚಕರು ಕೇಳಬಹುದು. ಬಚ್ಚಲಿನ ಮೋರಿಯು ಮನೆಯ ಗೋಡೆಯಲ್ಲಿಯೇ ಮುಗಿಯುವುದಿಲ್ಲ. ಅದು ಬೀದಿಯ ಚರಂಡಿಯನ್ನು ಸೇರಬೇಕು. ಅಡಿಗೆಯ ಮನೆಯ ಹಂಡೆಗೆ ನೀರು ಬೀದಿಯ ಕೊಳಾಯಿಯಿಂದಲೇ ಬರಬೇಕು. ಗೃಹಿಣಿಯು ಎಷ್ಟು ಮಡಿಯಿಂದ ಪಾತ್ರೆ ತೊಳೆದರೂ ನೀರೇ ಕೆಟ್ಟುದಾದರೆ ಆ ಮಡಿಯಿಂದ ಫಲವೇನು? ಯಜಮಾನನು ಮಕ್ಕಳಿಗೆ ಎಷ್ಟು ಎಚ್ಚರದಿಂದ ಸೊಳ್ಳೆಪರದೆ ಕಟ್ಟಿದರೂ ಬಾಗಿಲ ಮುಂದೆ ಕೊಳಚೆ ನಿಂತಿದ್ದರೆ ಆ ಎಚ್ಚರವು ಅರೆಯಾದುದೇ ಸರಿ. ಮನೆಯ ಆರೋಗ್ಯದಲ್ಲಿ ಒಂದು ಪಾಲು ಹೊಸ್ತಿಲಿನ ಒಳಗಿದ್ದರೆ ಮತ್ತೊಂದು ಪಾಲು ಹೊರಗಿದೆ. ಆ ಹೊರಗಿನ ಪಾಲಿಗೆ ಹಣವು ಎಲ್ಲಿಂದ ಬರುವುದು, ಅದನ್ನು ಯಾರು ಯಾವ ರೀತಿಯಲ್ಲಿ ಹಂಚುವರು, ಹಂಚುವಾಗ ಗೃಹಸ್ಥನಾದವನು ಏನನ್ನು ನೋಡಬೇಕು ಎಂಬುದೇ ಈ ತಿಂಗಳಿನ ವಿಚಾರ.

ಮೊದಲು ಶಬ್ದವನ್ನು ನೋಡೋಣ. ಕೇಂದ್ರ ಸರಕಾರದಿಂದ ಊರುಗಳಿಗೆ ಬರುವ ಹಣಕ್ಕೆ ‘ಅನುದಾನ’ವೆಂದು ಹೆಸರು. ದಾನವೆಂದರೆ ಕೊಟ್ಟವನು ತನ್ನ ಸ್ವತ್ತನ್ನು ಸಂಪೂರ್ಣವಾಗಿ ತೊರೆದು ಪರರ ಸ್ವತ್ತಾಗಿ ಮಾಡುವುದೆಂದು ಶಾಸ್ತ್ರಜ್ಞರ ಅಭಿಪ್ರಾಯ. ‘ಅನು’ ಎಂಬ ಉಪಸರ್ಗಕ್ಕಾದರೋ ಹಿಂದೆ ಬರುವುದು, ಅನುಸರಿಸುವುದು ಎಂಬ ಅರ್ಥಗಳುಂಟು. ಈ ಹಣದ ಬೆನ್ನಹಿಂದೆಯೇ ನಿಯಮಗಳು ಬರುವುವಾದುದರಿಂದ ಹೆಸರು ಒಪ್ಪಿದೆ. ಅಲ್ಲದೆ ಇದು ಯಾರ ಔದಾರ್ಯವೂ ಅಲ್ಲ. ೨೦೧೭ರ ಜುಲೈ ೧ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯನ್ನು ನಾವು ಸಾಬೂನು, ಹಲ್ಲುಪುಡಿ ಕೊಳ್ಳುವಾಗಲೂ ತೆತ್ತೇ ಇರುವೆವು. ಕೂಲಿಯ ಹೆಂಗಸೂ ತೆರುವಳು, ಸಾಹುಕಾರನೂ ತೆರುವನು. ಹೀಗೆ ಊರೂರುಗಳಿಂದ ಹೊರಟ ಹಣದಲ್ಲಿ ಒಂದಂಶವು ಮರಳಿ ಊರಿಗೆ ಬರುವುದು. ಆದುದರಿಂದ ಅನುದಾನವು ಬಂದಾಗ ಕೃತಜ್ಞತೆಯಿಂದ ಕೈಮುಗಿದು ಸುಮ್ಮನಾಗುವುದಕ್ಕಿಂತ, ನಮ್ಮದೇ ಹಣವೆಂದು ಲೆಕ್ಕ ಕೇಳುವುದೇ ಯೋಗ್ಯವಾದುದು.

ಇದು ಬರುವ ದಾರಿಯನ್ನು ಸಂಕ್ಷೇಪವಾಗಿ ಹೇಳುವೆವು. ಸಂವಿಧಾನದ ೨೮೦ನೆಯ ವಿಧಿಯಂತೆ ಹಣಕಾಸು ಆಯೋಗವೆಂಬುದೊಂದು ಕಾಲಕಾಲಕ್ಕೆ ನೇಮಕವಾಗುವುದು. ಮೊದಲನೆಯದು ನೇಮಕವಾದದ್ದು ೧೯೫೧ರಲ್ಲಿ. ೧೯೯೨ರಲ್ಲಿ ಅಂಗೀಕೃತವಾಗಿ ೧೯೯೩ರಲ್ಲಿ ಜಾರಿಗೆ ಬಂದ ೭೩ನೆಯ ಮತ್ತು ೭೪ನೆಯ ತಿದ್ದುಪಡಿಗಳು ಪಂಚಾಯತಿಗಳಿಗೂ ಪೌರಸಭೆಗಳಿಗೂ ಸಂವಿಧಾನದಲ್ಲಿ ಸ್ಥಾನವನ್ನು ಕೊಟ್ಟ ಮೇಲೆ, ಅವುಗಳ ಪೋಷಣೆಯನ್ನು ವಿಚಾರಿಸುವುದೂ ಆ ಆಯೋಗದ ಕೆಲಸವಾಯಿತು. ಎನ್. ಕೆ. ಸಿಂಗ್ ಅವರ ಅಧ್ಯಕ್ಷತೆಯ ೧೫ನೆಯ ಆಯೋಗವು ೨೦೨೧ರಿಂದ ೨೦೨೬ರವರೆಗಿನ ಐದು ವರ್ಷಗಳಿಗೆ ದೇಶದ ಸ್ಥಳೀಯ ಸಂಸ್ಥೆಗಳಿಗೆಂದು ಒಟ್ಟು ೪,೩೬,೩೬೧ ಕೋಟಿ ರೂಪಾಯಿಗಳನ್ನು ಸೂಚಿಸಿತು. ಅದರಲ್ಲಿ ೨,೩೬,೮೦೫ ಕೋಟಿ ಗ್ರಾಮಾಂತರಕ್ಕೆ, ೧,೨೧,೦೫೫ ಕೋಟಿ ಪಟ್ಟಣಗಳಿಗೆ, ೭೦,೦೫೧ ಕೋಟಿ ಆರೋಗ್ಯಕ್ಕೆ. ಉಳಿದ ಸ್ವಲ್ಪ ಭಾಗ ಬೇರೆ ಉದ್ದೇಶಗಳಿಗೆ. ರಾಜ್ಯ ರಾಜ್ಯಗಳ ನಡುವಣ ವಿಭಾಗಕ್ಕೆ ಜನಸಂಖ್ಯೆಗೆ ನೂರಕ್ಕೆ ೯೦, ವಿಸ್ತೀರ್ಣಕ್ಕೆ ನೂರಕ್ಕೆ ೧೦ ಎಂಬ ತೂಕವನ್ನಿಟ್ಟಿತು. ರಾಜ್ಯದೊಳಗಿನ ವಿಭಾಗಕ್ಕೆ ರಾಜ್ಯ ಹಣಕಾಸು ಆಯೋಗದ ಶಿಫಾರಸುಗಳೇ ಆಧಾರ. ನಮ್ಮ ರಾಜ್ಯದ ಐದನೆಯ ಆಯೋಗವು ಸಿ. ನಾರಾಯಣಸ್ವಾಮಿಯವರ ಅಧ್ಯಕ್ಷತೆಯಲ್ಲಿ ೨೦೨೩ರಲ್ಲಿ ರಚಿತವಾಯಿತು. ೨೦೨೬ರ ಏಪ್ರಿಲ್ ೧ರಿಂದ ಮುಂದಿನ ಐದು ವರ್ಷಗಳ ವಿಚಾರವನ್ನು ಅರವಿಂದ ಪನಗಾರಿಯಾ ಅವರ ಅಧ್ಯಕ್ಷತೆಯ ೧೬ನೆಯ ಕೇಂದ್ರ ಆಯೋಗಕ್ಕೆ ಒಪ್ಪಿಸಲಾಯಿತು. ಆಯೋಗದಿಂದ ಆಯೋಗಕ್ಕೆ ಅಂಕಿಗಳು ಬದಲಾಗುವುವು. ಹಂಚಿಕೆಯ ಧರ್ಮವು ಬದಲಾಗುವುದಿಲ್ಲ.

ಹಣದ ಬೆನ್ನಹಿಂದೆ ನಿಯಮಗಳು ಬರುವುವೆಂದೆವಷ್ಟೆ. ೧೫ನೆಯ ಆಯೋಗದ ನಿಯಮದಂತೆ ನಮ್ಮ ಊರುಗಳಂತಹ ಪಟ್ಟಣಗಳಿಗೆ ಬಂದ ಅನುದಾನದಲ್ಲಿ ನೂರಕ್ಕೆ ೬೦ ಭಾಗವು ನಿರ್ಬಂಧಿತವಾದುದು. ಅದರಲ್ಲಿ ಅರ್ಧವು, ಎಂದರೆ ನೂರಕ್ಕೆ ೩೦, ಕುಡಿಯುವ ನೀರು, ಮಳೆನೀರಿನ ಸಂಗ್ರಹ, ಬಳಸಿದ ನೀರಿನ ಮರುಬಳಕೆ ಇವುಗಳಿಗೆ; ಇನ್ನರ್ಧವು ಶೌಚ ಮತ್ತು ಕಸದ ವಿಲೇವಾರಿಗೆ. ಉಳಿದ ನೂರಕ್ಕೆ ೪೦ ಭಾಗವು ಅನಿರ್ಬಂಧಿತ. ಅದನ್ನು ಊರಿನ ಅವಶ್ಯಕತೆಗೆ ತಕ್ಕಂತೆ ಉಪಯೋಗಿಸಬಹುದು. ಆದರೆ ಸಿಬ್ಬಂದಿಯ ಸಂಬಳಕ್ಕೂ ಕಚೇರಿಯ ನಿತ್ಯದ ವೆಚ್ಚಕ್ಕೂ ಸಲ್ಲದು. ಇದಲ್ಲದೆ, ಕೇಂದ್ರದಿಂದ ಬಂದ ಹಣವನ್ನು ರಾಜ್ಯವು ಹತ್ತು ಕೆಲಸದ ದಿನಗಳೊಳಗಾಗಿ ಸ್ಥಳೀಯ ಸಂಸ್ಥೆಗೆ ಮುಟ್ಟಿಸತಕ್ಕದ್ದು, ತಡವಾದರೆ ಬಡ್ಡಿಸಮೇತ ಕೊಡತಕ್ಕದ್ದು ಎಂಬ ಕಟ್ಟಳೆಯೂ ಇತ್ತು. ಲೆಕ್ಕಪರಿಶೋಧನೆಯಾದ ಜಮಾಖರ್ಚನ್ನು ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಪ್ರಕಟಿಸಬೇಕೆಂಬುದೂ ಅದರಲ್ಲಿ ಸೇರಿತ್ತು.

ಇನ್ನು ನಮ್ಮ ಸೀಮೆಗೆ ಬರೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ಮಧುಗಿರಿ ಉಪವಿಭಾಗ. ಶಾಲೆಗಳ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹೀಗೆ ಒಂದೇ ಗೂಡಿನಲ್ಲಿದ್ದರೂ ನಾಲ್ಕು ಊರುಗಳ ಸ್ಥಿತಿ ನಾಲ್ಕು ತೆರನಾದುದು. ೧೯೬೪ರ ಪೌರಸಭೆಗಳ ಶಾಸನವು ಜನಸಂಖ್ಯೆಯನ್ನನುಸರಿಸಿ ಹತ್ತು ಸಾವಿರದಿಂದ ಇಪ್ಪತ್ತು ಸಾವಿರದವರೆಗೆ ಪಟ್ಟಣ ಪಂಚಾಯತಿ, ಐವತ್ತು ಸಾವಿರದವರೆಗೆ ಪುರಸಭೆ, ಅದಕ್ಕೆ ಮೇಲ್ಪಟ್ಟು ನಗರಸಭೆ ಎಂದು ವರ್ಗ ಮಾಡಿದೆ. ೨೦೧೧ರ ಜನಗಣತಿಯ ಆಧಾರದ ಮೇಲೆ ಶಿರಾ ನಗರಸಭೆಯಾಗಿಯೂ, ಮಧುಗಿರಿ ಪಾವಗಡಗಳು ಪುರಸಭೆಗಳಾಗಿಯೂ, ಕೊರಟಗೆರೆಯು ಪಟ್ಟಣ ಪಂಚಾಯತಿಯಾಗಿಯೂ ನಡೆದುಬಂದುವು. ಒಂದು ಕಾಲಕ್ಕೆ ಮೊಗಲರ ಸುಭೆಯ ರಾಜಧಾನಿಯಾಗಿದ್ದ ಶಿರಾ ಈಗ ಹೆದ್ದಾರಿಯ ಮೇಲಿನ ವ್ಯಾಪಾರದ ಊರು. ಏಕಶಿಲೆಯ ಬೆಟ್ಟದ ಬುಡದಲ್ಲಿರುವ ಮಧುಗಿರಿಗೆ ಹಳೆಯ ಕೋಟೆಯ ಊರಿನ ಇಕ್ಕಟ್ಟು ಉಂಟು. ಪಾವಗಡವು ಮೂರು ಕಡೆಗೂ ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟ ಬರಗಾಲದ ಸೀಮೆ. ಜಯಮಂಗಲಿಯು ಹಾಯುವ ಕೊರಟಗೆರೆಯ ಸೀಮೆಯಲ್ಲಿಯೂ ಬೇಸಗೆಯಲ್ಲಿ ಹೊಳೆಗಿಂತ ಮರಳೇ ಹೆಚ್ಚಾಗಿ ಕಾಣುವುದು.

ಪೌರಸಭೆಯೊಳಗಿನ ಕ್ರಮವು ಹೀಗಿದೆ. ಅನುದಾನದ ಪ್ರಮಾಣವು ತಿಳಿದ ಕೂಡಲೇ ನಗರಸಭೆಯಲ್ಲಿ ಪೌರಾಯುಕ್ತರು, ಮಿಕ್ಕ ಕಡೆಗಳಲ್ಲಿ ಮುಖ್ಯಾಧಿಕಾರಿಗಳು, ಎಂಜಿನಿಯರರ ಸಹಾಯದಿಂದ ಕಾಮಗಾರಿಗಳ ಪಟ್ಟಿಯನ್ನು ಸಿದ್ಧಪಡಿಸುವರು. ಇದಕ್ಕೆ ಕ್ರಿಯಾಯೋಜನೆಯೆಂದು ಹೆಸರು. ಅದು ಸದಸ್ಯರ ಸಾಮಾನ್ಯ ಸಭೆಯಲ್ಲಿ ಮಂಜೂರಾಗಿ, ಜಿಲ್ಲಾಧಿಕಾರಿಗಳ ಅನುಮೋದನೆಯನ್ನು ಪಡೆದು, ೧೯೯೯ರ ಪಾರದರ್ಶಕತಾ ಶಾಸನದ ನಿಯಮಗಳಂತೆ ಟೆಂಡರಿಗೆ ಹೋಗುವುದು. ಪೌರಸಭೆಯ ಸ್ವಂತ ಆದಾಯದಲ್ಲಿಯಾದರೋ ನೂರಕ್ಕೆ ೨೪.೧೦ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ, ೭.೨೫ ಇತರ ಬಡವರಿಗೆ, ೫ ಅಂಗವಿಕಲರಿಗೆ ಎಂದು ಎತ್ತಿಡುವ ಪದ್ಧತಿಯುಂಟು. ಇಷ್ಟೆಲ್ಲ ಕಟ್ಟುಪಾಡುಗಳಿದ್ದ ಮೇಲೆ ಊರಿನವರು ನಿರ್ಣಯಿಸತಕ್ಕದ್ದು ಏನು ಉಳಿಯಿತೆಂದು ಕೇಳಬಹುದು. ಮುಖ್ಯವಾದುದೇ ಉಳಿದಿದೆ. ನೀರಿಗೆ ಇಷ್ಟು, ಕಸಕ್ಕೆ ಇಷ್ಟು ಎಂದು ದಿಲ್ಲಿಯವರು ಹೇಳಿಯಾರು; ಯಾವ ಬೀದಿಗೆ ಮೊದಲು, ಯಾವ ಬೀದಿಗೆ ಆಮೇಲೆ ಎಂಬುದನ್ನು ಅವರು ಹೇಳಲಾರರು.

ಈ ಪ್ರಶ್ನೆಗೆ ಬಹಳ ಊರುಗಳಲ್ಲಿ ಸುಲಭವಾದ ಉತ್ತರವೊಂದು ರೂಢಿಯಾಗಿದೆ. ಹಣವನ್ನು ವಾರ್ಡುಗಳ ಸಂಖ್ಯೆಯಿಂದ ಭಾಗಿಸಿ ಸಮನಾಗಿ ಹಂಚಿಬಿಡುವುದು. ಸದಸ್ಯರಲ್ಲಿ ಯಾರಿಗೂ ಅಸಮಾಧಾನವಿಲ್ಲ, ಸಭೆಯಲ್ಲಿ ಗಲಾಟೆಯಿಲ್ಲ, ನ್ಯಾಯವೂ ನಡೆದಂತೆ ತೋರುವುದು. ಉದಾಹರಣೆಗಾಗಿ ಒಂದು ಊರನ್ನು ಕಲ್ಪಿಸಿಕೊಳ್ಳಿರಿ. ಆ ಊರಿಗೆ ಒಂದು ಕೋಟಿ ರೂಪಾಯಿ ಬಂದಿತು. ನೀರಿಗೆ ೩೦ ಲಕ್ಷ, ಶೌಚಕ್ಕೆ ೩೦ ಲಕ್ಷ ಕಳೆದರೆ ಉಳಿದದ್ದು ೪೦ ಲಕ್ಷ. ವಾರ್ಡುಗಳು ಇಪ್ಪತ್ತಾದರೆ ತಲಾ ಎರಡು ಲಕ್ಷ. ಒಂದು ವಾರ್ಡಿನಲ್ಲಿ ಎರಡು ಲಕ್ಷದ ಚರಂಡಿ ಕಟ್ಟಿದರು. ಅದು ಬೀದಿಯ ನಡುವಿಗೆ ಬಂದು ನಿಂತಿತು. ಮುಂದಿನ ವಾರ್ಡಿನವರು ತಮ್ಮ ಎರಡು ಲಕ್ಷವನ್ನು ದೀಪದ ಕಂಬಕ್ಕೆ ಹಾಕಿದರು. ಮೇಲಿನ ಬೀದಿಯ ಕೊಳಚೆಯು ಚರಂಡಿ ಮುಗಿದ ಸ್ಥಳದಲ್ಲಿ ಹೊರಚೆಲ್ಲಿ ತಗ್ಗಿನ ಕೇರಿಗೆ ಹರಿಯಿತು. ತಗ್ಗಿನಲ್ಲಿ ವಾಸಿಸುವವರು ಸಾಮಾನ್ಯವಾಗಿ ಬಡವರು. ಕಾಗದದಲ್ಲಿ ಅವರಿಗೂ ಸಮಪಾಲು ಸಂದಿದೆ. ನಿಜದಲ್ಲಿ ಇಪ್ಪತ್ತು ವಾರ್ಡುಗಳ ಕೊಳಚೆಯು ಅವರ ಪಾಲಿಗೆ ಬಂದಿದೆ.

ಗೃಹಿಣಿಯರಿಗೆ ಈ ತಾರತಮ್ಯವನ್ನು ವಿವರಿಸಬೇಕಾದುದಿಲ್ಲ. ಹಬ್ಬದ ಪಂಕ್ತಿಯಲ್ಲಿ ಪಾಯಸ ಬಡಿಸುವಾಗ ಎಲ್ಲ ಎಲೆಗೂ ಒಂದೊಂದು ಸೌಟು. ಅಲ್ಲಿ ಪಂಕ್ತಿಭೇದ ಮಾಡುವುದು ದೋಷ. ಆದರೆ ಮನೆಯಲ್ಲಿ ಒಂದೇ ಸೇರು ಹಾಲಿದ್ದು, ಜ್ವರದಿಂದ ಎದ್ದ ಮಗುವೊಂದು, ವೃದ್ಧರಾದ ಅತ್ತೆಯವರು, ಗಟ್ಟಿಮುಟ್ಟಾದ ನಾಲ್ವರು ಗಂಡಸರು ಇದ್ದರೆ ಯಾವ ತಾಯಿಯೂ ಆರು ಸಮಪಾಲು ಮಾಡುವುದಿಲ್ಲ. ಮಗುವಿನ ಲೋಟವು ತುಂಬಿದ ಮೇಲೆಯೇ ಕಾಫಿಯ ಮಾತು. ಗಂಡಸರಿಗೆ ಕಡಿಮೆಯಾಯಿತೆಂದು ಆ ಮನೆಯಲ್ಲಿ ಜಗಳವಾಗುವುದೂ ಇಲ್ಲ; ಏಕೆಂದರೆ ಕಾರಣವು ಎಲ್ಲರಿಗೂ ಕಾಣುವಂತಿದೆ. ಪಾಯಸವು ಸೌಟು ಸೌಟಿಗೂ ಪೂರ್ಣವಾದ ಪದಾರ್ಥ. ಅದನ್ನು ಸಮನಾಗಿ ಹಂಚಬಹುದು. ಚರಂಡಿಯಾಗಲಿ ನೀರಿನ ಕೊಳವೆಯಾಗಲಿ ಹಾಗಲ್ಲ. ಅದು ತುದಿ ಮುಟ್ಟಿದರೆ ಮಾತ್ರ ಪೂರ್ಣ. ಚರಂಡಿಯ ಕೆಲಸವನ್ನು ನೀರು ಹೊರಬೀಳುವ ತಗ್ಗಿನ ತುದಿಯಿಂದ ಆರಂಭಿಸಿ ಮೇಲಕ್ಕೆ ತರಬೇಕೆಂಬುದು ಎಂಜಿನಿಯರರೆಲ್ಲರೂ ಬಲ್ಲ ವಿಷಯ. ಸಮಪಾಲಿನ ಮೋಹಕ್ಕೆ ಸಿಕ್ಕಿದ ಸಭೆಯು ಈ ಸಾಮಾನ್ಯ ಜ್ಞಾನವನ್ನೇ ಮರೆಯುವುದು.

ಪಾವಗಡದ ಸೀಮೆಯ ಸ್ಥಿತಿಯನ್ನು ನೋಡಿದರೆ ಈ ಮಾತಿನ ಭಾರವು ತಿಳಿದೀತು. ಅಲ್ಲಿ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡೆಂಬ ಲವಣವು ಮಿತಿಮೀರಿರುವುದು ಬಹುಕಾಲದಿಂದ ತಿಳಿದ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮ್ ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದ ಪಕ್ಷದಲ್ಲಿ ಒಂದೂವರೆ ಮಿಲಿಗ್ರಾಮಿನವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕದ ಮಿತಿ. ಅದಕ್ಕೆ ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲುಗಳು ಕಂದುಗಟ್ಟುವುವು. ವರ್ಷಾನುಗಟ್ಟಲೆ ಕುಡಿದವರ ಕೀಲುಗಳು ಬಿಗಿದು ಬೆನ್ನು ಬಾಗುವುದು. ಒಮ್ಮೆ ಬಾಗಿದ ಮೂಳೆಯನ್ನು ಯಾವ ಔಷಧಿಯೂ ನೆಟ್ಟಗೆ ಮಾಡಲಾರದು. ನೀರನ್ನು ಕಾಯಿಸಿದರೆ ಈ ದೋಷವು ಹೋಗುವುದೆಂದು ಕೆಲವರ ಭ್ರಾಂತಿ. ಕಾಯಿಸುವುದರಿಂದ ನೀರು ಆವಿಯಾಗುವುದೇ ಹೊರತು ಫ್ಲೋರೈಡು ಹೋಗುವುದಿಲ್ಲ. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆಯನ್ನೂ, ಶಿರಾ ಸೀಮೆಗೆ ಹೇಮಾವತಿಯ ನೀರನ್ನು ಹರಿಸುವ ಕಾರ್ಯವನ್ನೂ ರಾಜ್ಯ ಸರಕಾರವು ಕೈಗೊಂಡಿತು. ಇಂತಹ ದೊಡ್ಡ ಕಾರ್ಯಗಳು ಊರಿನ ಅನುದಾನದಿಂದ ಆಗತಕ್ಕವಲ್ಲ. ಆದರೆ ದೂರದ ನದಿಯ ನೀರು ಊರಿನ ಟ್ಯಾಂಕಿಗೆ ಬಂದ ಮೇಲೆ ಕೊನೆಯ ಕೇರಿಯ ಕೊನೆಯ ಮನೆಗೆ ಮುಟ್ಟಬೇಕಾದರೆ, ಶುದ್ಧ ನೀರಿನ ಘಟಕವೊಂದು ಕೆಟ್ಟು ನಿಂತಾಗ ಅದನ್ನು ಎಂಟು ದಿನಗಳಲ್ಲಿ ಸರಿಪಡಿಸಬೇಕಾದರೆ, ಊರಿನ ನಿರ್ಬಂಧಿತ ಅನುದಾನವೇ ಗತಿ. ನೀರಿನ ಪರೀಕ್ಷೆಯಲ್ಲಿ ಯಾವ ಬಾವಿಯಲ್ಲಿ ದೋಷವು ಹೆಚ್ಚೆಂದು ತಿಳಿದುಬಂದಿತೋ ಆ ಕೇರಿಗೆ ಮೊದಲು ಹಣ ಹೋಗಬೇಕು. ಅಲ್ಲಿಯೂ ವಾರ್ಡಿಗಿಷ್ಟೆಂದು ಭಾಗಿಸಿ ಕೂತರೆ, ಒಳ್ಳೆಯ ನೀರಿರುವ ಬೀದಿಗೆ ಎರಡನೆಯ ಕೊಳವೆಯೂ, ಕೆಟ್ಟ ನೀರಿನ ಬೀದಿಗೆ ಬರಿಯ ಶಂಕುಸ್ಥಾಪನೆಯ ಕಲ್ಲೂ ದೊರೆತಾವು.

ಈ ಹಂಚಿಕೆಯಲ್ಲಿ ಹಳ್ಳಿಯವನಿಗೂ ಪಟ್ಟಣಿಗನಿಗೂ ಒಂದು ದೊಡ್ಡ ಭೇದವುಂಟು; ಅದನ್ನು ಪಟ್ಟಣದ ವಾಚಕರು ವಿಶೇಷವಾಗಿ ಗಮನಿಸಬೇಕು. ೧೯೯೩ರ ಪಂಚಾಯತ್ ರಾಜ್ ಶಾಸನವು ಹಳ್ಳಿಗಳಿಗೆ ವಾರ್ಡುಸಭೆ, ಗ್ರಾಮಸಭೆಗಳನ್ನು ಕಡ್ಡಾಯ ಮಾಡಿದೆ; ಆರು ತಿಂಗಳಿಗೊಮ್ಮೆಯಾದರೂ ಅವು ಸೇರತಕ್ಕದ್ದು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾವ ಹೆಂಗಸಾಗಲಿ ಗಂಡಸಾಗಲಿ ಅಲ್ಲಿ ಎದ್ದು ನಿಂತು ಯಾವ ಕೆಲಸ ಮೊದಲಾಗಬೇಕೆಂದು ಹೇಳಬಹುದು. ೨೦೨೦ರ ಏಪ್ರಿಲ್ ೨೪ರಂದು ಆರಂಭವಾದ ಇ-ಗ್ರಾಮಸ್ವರಾಜ್ ಎಂಬ ಜಾಲತಾಣದಲ್ಲಿ ಪ್ರತಿಯೊಂದು ಗ್ರಾಮ ಪಂಚಾಯತಿಯ ಯೋಜನೆಯನ್ನೂ ವೆಚ್ಚವನ್ನೂ ನೋಡಲು ಏರ್ಪಾಟಾಯಿತು. ಪಟ್ಟಣಗಳಲ್ಲಿಯಾದರೋ ವಾರ್ಡು ಸಮಿತಿಗಳನ್ನು ಸಂವಿಧಾನವು ಕಡ್ಡಾಯ ಮಾಡಿರುವುದು ಮೂರು ಲಕ್ಷ ಮತ್ತು ಅದಕ್ಕೆ ಮೀರಿದ ಜನಸಂಖ್ಯೆಯ ಊರುಗಳಿಗೆ ಮಾತ್ರ. ನಮ್ಮ ನಾಲ್ಕು ಊರುಗಳೂ ಆ ಮಿತಿಗೆ ಬಹು ಕೆಳಗಿರುವುವು. ಹೀಗಾಗಿ ಓದುಬರಹ ಬಲ್ಲ ಮಧುಗಿರಿಯ ಪಟ್ಟಣಿಗನಿಗೆ ಇಲ್ಲದ ಪೀಠವು, ಅದೇ ತಾಲ್ಲೂಕಿನ ಹಳ್ಳಿಯ ಕೂಲಿಕಾರಳಿಗೆ ಉಂಟು. ಆಕೆಯು ಅದನ್ನು ಉಪಯೋಗಿಸುವಳೋ ಇಲ್ಲವೋ ಎಂಬುದು ಬೇರೆ ಮಾತು, ಬಾಗಿಲಂತೂ ತೆರೆದಿದೆ.

ಪೀಠವೇ ಬರಿದಾದರೆ ಏನಾಗುವುದೆಂಬುದಕ್ಕೂ ನಿದರ್ಶನವಿದೆ. ನಮ್ಮ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ ೨೦೧೬ರಲ್ಲಿ ಚುನಾವಣೆ ನಡೆಯಿತು; ೨೦೨೧ರಲ್ಲಿ ಅವುಗಳ ಅವಧಿ ಮುಗಿದು ಆಡಳಿತವು ಅಧಿಕಾರಿಗಳ ಕೈಸೇರಿತು. ವಿಧಿವತ್ತಾಗಿ ಚುನಾಯಿತವಾದ ಸಂಸ್ಥೆಗಳಿಗೆ ಮಾತ್ರ ಅನುದಾನವೆಂಬುದು ಕೇಂದ್ರದ ನಿಯಮವಾದುದರಿಂದ ಆ ಎರಡು ಹಂತಗಳ ಪಾಲು ತಡೆಹಿಡಿಯಲ್ಪಟ್ಟಿತು. ಎಲೆ ಹಾಕದವನಿಗೆ ಬಡಿಸುವವರಾರು?

ಹೊರಗಿನ ದೇಶಗಳಲ್ಲಿಯೂ ಈ ಪ್ರಶ್ನೆಯು ಎದ್ದುದುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ೧೯೭೪ರ ಶಾಸನದಿಂದ ನಗರಗಳಿಗೆ ಸಮುದಾಯ ಅಭಿವೃದ್ಧಿಯ ಅನುದಾನವೊಂದು ಏರ್ಪಟ್ಟಿತು. ಸಾಮಾನ್ಯವಾಗಿ ಐವತ್ತು ಸಾವಿರ ಮತ್ತು ಅದಕ್ಕೆ ಮೀರಿದ ಜನಸಂಖ್ಯೆಯ ನಗರಗಳಿಗೆ ಅದು ಕೇಂದ್ರದಿಂದ ನೇರವಾಗಿ ಬರುವುದು. ಹಣವನ್ನು ಹೇಗೆ ವಿನಿಯೋಗಿಸಬೇಕೆಂಬುದರಲ್ಲಿ ನಗರಕ್ಕೆ ಬಹಳ ಸ್ವಾತಂತ್ರ್ಯವಿದೆ. ಆದರೆ ಎರಡು ಕಟ್ಟುಗಳನ್ನು ಹಾಕಿದ್ದಾರೆ. ನೂರಕ್ಕೆ ೭೦ಕ್ಕೆ ಕಡಿಮೆಯಿಲ್ಲದ ಭಾಗವು ಅಲ್ಪ ಮತ್ತು ಮಧ್ಯಮ ಆದಾಯದವರ ಉಪಯೋಗಕ್ಕೆ ಸಲ್ಲಬೇಕು. ವರ್ಷಕ್ಕೆ ಎರಡು ಸಲವಾದರೂ ಬಹಿರಂಗ ಸಭೆ ಕರೆದು ನಾಗರಿಕರ ಮಾತನ್ನು ಕೇಳಬೇಕು. ನಮ್ಮಲ್ಲಿ ಕೇಂದ್ರವು ನೀರು ಶೌಚವೆಂದು ವಿಷಯವನ್ನು ಕಟ್ಟಿತು. ಅವರಲ್ಲಿ ಯಾರಿಗೆಂಬುದನ್ನು ಕಟ್ಟಿದರು. ಇವೆರಡರಲ್ಲಿ ಒಂದೊಂದು ಗುಣವಿದೆ. ನಾವು ಕಲಿಯಬೇಕಾದುದು, ವಿಷಯವು ಗೊತ್ತಾದ ಮೇಲೂ ‘ಯಾರಿಗೆ ಮೊದಲು’ ಎಂಬ ಪ್ರಶ್ನೆಯನ್ನು ಬಹಿರಂಗದಲ್ಲಿಯೇ ಕೇಳಬೇಕೆಂಬುದನ್ನು.

ಇದು ನಮಗೆ ಅನ್ಯವಾದ ಪದ್ಧತಿಯೇನೂ ಅಲ್ಲ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದಾಗ, ಸೀಮೆ ಸೀಮೆಗಳ ರೈತರೂ ವರ್ತಕರೂ ದಸರೆಯ ಕಾಲದಲ್ಲಿ ಅಲ್ಲಿಗೆ ಹೋಗಿ ತಮ್ಮ ಕುಂದುಕೊರತೆಗಳನ್ನು ಹೇಳಿಕೊಳ್ಳಲು ಅವಕಾಶವಾಯಿತು. ಅರಸರ ಕಾಲದಲ್ಲಿ ಮೈಸೂರಿನವರೆಗೆ ಹೋಗಿ ಹೇಳಿಕೊಂಡವರ ಸಂತತಿಯವರಾದ ನಾವು, ಪ್ರಜೆಗಳದೇ ರಾಜ್ಯವಾದ ಕಾಲದಲ್ಲಿ ನಾಲ್ಕು ಬೀದಿ ದಾಟಿ ಪುರಸಭೆಯ ಕಚೇರಿಗೆ ಹೋಗಲು ಸಂಕೋಚಪಡುವುದು ಶೋಭಿಸುವುದಿಲ್ಲ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಮೊದಲನೆಯದಾಗಿ, ಮನೆಯ ಕಂದಾಯವನ್ನು ಕಾಲಕ್ಕೆ ಸರಿಯಾಗಿ ಕಟ್ಟಬೇಕು. ಪೌರಕಾರ್ಮಿಕರ ಸಂಬಳಕ್ಕೆ ಅನುದಾನವು ಸಲ್ಲದೆಂದು ಮೇಲೆ ಹೇಳಿದೆವು. ಅಲ್ಲದೆ, ೧೫ನೆಯ ಆಯೋಗವು ಪಟ್ಟಣಗಳ ಆಸ್ತಿತೆರಿಗೆಯ ವಸೂಲಿಯು ರಾಜ್ಯದ ಉತ್ಪನ್ನದ ವೃದ್ಧಿಗೆ ಸರಿಸಮವಾಗಿ ಏರುತ್ತಿರಬೇಕೆಂದು ಷರತ್ತನ್ನು ಹಾಕಿತು. ಕಂದಾಯವನ್ನು ಬಾಕಿ ನಿಲ್ಲಿಸಿದವನು ತನ್ನ ನೂರು ರೂಪಾಯಿಯನ್ನು ಉಳಿಸಿಕೊಂಡೆನೆಂದು ಹಿಗ್ಗುವನು. ಅದರಿಂದ ಊರಿಗೆ ಬರತಕ್ಕ ಅನುದಾನಕ್ಕೇ ಕುತ್ತು ಬಂದೀತೆಂಬುದು ಅವನಿಗೆ ತಿಳಿಯದು.

ಎರಡನೆಯದಾಗಿ, ಆಯವ್ಯಯವನ್ನು ಮಂಡಿಸುವುದಕ್ಕೆ ಮೊದಲು ಸಾರ್ವಜನಿಕರ ಸಲಹೆಗಾಗಿ ಪೂರ್ವಭಾವಿ ಸಭೆಯನ್ನು ಕರೆಯುವ ವಾಡಿಕೆ ನಮ್ಮ ಪೌರಸಭೆಗಳಲ್ಲಿಯೂ ಉಂಟು. ಅಲ್ಲಿಗೆ ಹೋಗಬೇಕು. ಒಬ್ಬರೇ ಹೋಗಿ ತಮ್ಮ ಮನೆಯ ಮುಂದಿನ ದೀಪವನ್ನು ಕೇಳುವುದಕ್ಕಿಂತ, ಬೀದಿಯವರು ಹತ್ತು ಮಂದಿ ಸೇರಿ ಊರಿನ ಅತ್ಯಂತ ತಗ್ಗಿನ ಕೇರಿಯ ಚರಂಡಿಯನ್ನು ಕೇಳುವುದು ಹೆಚ್ಚು ಬೆಲೆಯುಳ್ಳದ್ದು. ತನ್ನದಲ್ಲದ ಬೀದಿಗಾಗಿ ಮಾತನಾಡುವವನ ಮಾತನ್ನು ಸಭೆಯು ತಳ್ಳಿಹಾಕುವುದು ಕಷ್ಟ.

ಮೂರನೆಯದಾಗಿ, ಕ್ರಿಯಾಯೋಜನೆಯ ಪಟ್ಟಿಯನ್ನು ನೋಡಬೇಕು. ೨೦೦೫ರ ಮಾಹಿತಿ ಹಕ್ಕಿನ ಶಾಸನದಂತೆ ಇದನ್ನು ಕೇಳಿ ಪಡೆಯಲು ಯಾರಿಗೂ ಅಧಿಕಾರವುಂಟು. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಪಟ್ಟಿಯು ಕೈಗೆ ಬಂದ ಮೇಲೆ ಪ್ರತಿಯೊಂದು ಕಾಮಗಾರಿಯ ಎದುರಿಗೆ ಮೂರು ಪ್ರಶ್ನೆಗಳನ್ನು ಹಾಕಬೇಕು. ಈ ಕೆಲಸವು ಇಲ್ಲಿಗೇ ಮೊದಲೇಕೆ? ಇದು ತುದಿ ಮುಟ್ಟುವುದೇ, ನಡುದಾರಿಯಲ್ಲಿ ನಿಲ್ಲುವುದೇ? ಕಟ್ಟಿದ ಮೇಲೆ ನೋಡಿಕೊಳ್ಳುವವರಾರು? ಮೂರಕ್ಕೂ ಕಾಗದದಲ್ಲಿ ಉತ್ತರವಿದ್ದರೆ ಆ ಹಂಚಿಕೆಯು ನ್ಯಾಯವಾದುದು. ತಮ್ಮ ಬೀದಿಗೆ ಆ ವರ್ಷ ಏನೂ ಬಾರದಿದ್ದರೂ ಗೃಹಸ್ಥನು ಅದನ್ನು ಒಪ್ಪಬೇಕು.

ಈ ಕೊನೆಯ ಮಾತೇ ಕಠಿನವಾದುದು. ಸದಸ್ಯರು ಸಮಪಾಲಿಗೆ ಜೋತುಬೀಳುವುದು ಅವರ ದೋಷವೊಂದರಿಂದಲೇ ಅಲ್ಲ. ‘ನಮ್ಮ ವಾರ್ಡಿಗೆ ಏನು ತಂದೆ?’ ಎಂದು ನಾವು ಕೇಳುವೆವು. ಆದುದರಿಂದ ಅವರು ಏನಾದರೊಂದನ್ನು ತರುವರು. ‘ಊರಿನಲ್ಲಿ ಅತಿ ಕಷ್ಟದಲ್ಲಿದ್ದವರಿಗೆ ಏನು ಮಾಡಿದೆ?’ ಎಂದು ನಾವು ಕೇಳಲಾರಂಭಿಸಿದ ದಿನ ಅವರ ಲೆಕ್ಕವೂ ಬದಲಾದೀತು. ಜ್ವರದ ಮಗುವಿಗೆ ಮೊದಲು ಹಾಲು ಕೊಡುವ ಬುದ್ಧಿಯು ನಮ್ಮ ಮನೆಗಳಲ್ಲಿ ಈಗಾಗಲೇ ಇದೆ. ಗೃಹಸ್ಥರೂ ಗೃಹಿಣಿಯರೂ ಅದನ್ನು ಹೊಸ್ತಿಲಿನಾಚೆಗೂ ಕೊಂಡೊಯ್ಯಲಿ. ಮುಂದಿನ ಆಯವ್ಯಯದ ಸಭೆಯ ದಿನವು ಯಾವುದೆಂದು ತಮ್ಮ ಊರಿನ ಕಚೇರಿಯಲ್ಲಿ ಈ ವಾರವೇ ವಿಚಾರಿಸಿ, ಅಡಿಗೆಯ ಮನೆಯ ಪಂಚಾಂಗದಲ್ಲಿ ಆ ದಿನವನ್ನು ಗುರುತಿಟ್ಟುಕೊಳ್ಳಲಿ.